ನಿನ್ನೆಯ ಲೋಟ

ದೊಡ್ಡ ಬಸ್ ನಿಲ್ದಾಣದ ಎದುರಿಗೆ ಮೂರಂತಸ್ತಿನಷ್ಟು ಎತ್ತರದ ಒಂದು ಜಾಹೀರಾತು ಫಲಕವಿತ್ತು. ಫಲಕದ ತುಂಬ ಒಬ್ಬ ವಯಸ್ಸಾದ ಗಂಡಸಿನ ಮುಖ. ಆ ಮುಖ ನಾಲಿಗೆಯನ್ನು ಹೊರಗೆ ಚಾಚಿತ್ತು, ನಾಲಿಗೆಯ ತುದಿಯಲ್ಲಿ ಬಿಯರಿನ ಹನಿಯೊಂದು ಜೋತುಬಿದ್ದಿತ್ತು. ಕೆಳಗೆ ಆಳೆತ್ತರದ ಅಕ್ಷರಗಳಲ್ಲಿ, ‘ಕೊಡೆ ಬಿಯರ್: ಮೊದಲ ದಿನದ ರುಚಿ, ಇಂದಿಗೂ!’ ಫಲಕದ ಕಂಬಗಳ ಬುಡದಲ್ಲಿ ಹೊತ್ತುಗೊತ್ತಿಲ್ಲದೆ ಗಂಡಸರು ಸಾಲಾಗಿ ನಿಂತು ಉಚ್ಚೆ ಹೊಯ್ಯುತ್ತಿದ್ದರು. ಅಲ್ಲಿ ಒಡೆದ ಸೀಸೆ, ವಾಂತಿ, ನೊಣ, ಮೂಗಿಗೆ ಬಡಿಯುವ ಗಬ್ಬು. ಆ ಮುಖದ ಒಡೆಯ ದಿನಾ ಅದೇ ನಿಲ್ದಾಣದಲ್ಲಿ ಬಸ್ಸಿಳಿದು, ಮೂಗಿಗೆ ಕರ್ಚೀಫು ಒತ್ತಿಕೊಂಡು, ತನ್ನ ನಾಲಿಗೆಯ ಕೆಳಗೇ ತಲೆ ತಗ್ಗಿಸಿ ಹಾದು ಕೆಲಸಕ್ಕೆ ಹೋಗಬೇಕಿತ್ತು. ಒಬ್ಬ ಮನುಷ್ಯನಿಗೆ ದೇಶ ಕೊಡುವ ಮರ್ಯಾದೆ ಇದೇ ಆಗಿದ್ದರೆ, ಆ ಮರ್ಯಾದೆಗಿಷ್ಟು ಬೆಂಕಿ ಬೀಳಲಿ.

ಅಪ್ಪ ಅಮ್ಮ ಇಟ್ಟ ಹೆಸರನ್ನು ಅವನೇ ಮರೆಯುವಷ್ಟು ಕಾಲವಾಗಿತ್ತು. ಕಾರ್ಖಾನೆಯಲ್ಲಿ ಕಾವಲುಗಾರನಿಂದ ಹಿಡಿದು ಮಾಲೀಕನವರೆಗೆ ಎಲ್ಲರಿಗೂ ಅವನು ನಾಲಿಗೆಯಣ್ಣ. ಕೊಡೆ ಬಿಯರಿನ ರುಚಿ ನೋಡುವುದು ಅವನ ಉದ್ಯೋಗ. ಹೊಸದಾಗಿ ಪರಿಚಯವಾದವರು ಕೇಳಿದ ತಕ್ಷಣ, “ಅಯ್ಯಯ್ಯೋ, ಕುಡಿಯೋದಕ್ಕೂ ಸಂಬಳಾನಾ? ಏನು ಪುಣ್ಯ ಮಾಡಿದ್ರೋ!” ಎಂದು ಹಲ್ಲು ಕಿರಿಯುತ್ತಿದ್ದರು. ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಕುಡಿಯುವುದಂತೆ! ಬೀಡಿ ಸಿಗರೇಟು ಮುಟ್ಟುವಂತಿಲ್ಲ, ಖಾರ ಸೋಕಿಸುವಂತಿಲ್ಲ, ಹಸಿ ಈರುಳ್ಳಿ ದೂರ, ಘಮಘಮ ಸೋಪು ದೂರ, ತಲೆಗೆ ಎಣ್ಣೆಯೂ ದೂರ. ಮುಂಜಾನೆ ಬರಿಯ ಬಿಸಿನೀರಲ್ಲಿ ಬಾಯಿ ಮುಕ್ಕಳಿಸಿ, ಖಾಲಿ ಹೊಟ್ಟೆಯಲ್ಲಿ ಹೋಗಿ ಕೂರಬೇಕು. ಅವನೊಬ್ಬನ ನಾಲಿಗೆಗಾಗಿ ಇಡೀ ಮನೆ ಸಪ್ಪೆ ತಿಂದುಕೊಂಡು ಬದುಕಿತ್ತು. “ನಿಮ್ಮನ್ನ ಕಟ್ಕೊಂಡ ಮೇಲೆ ಮೆಣಸಿನಕಾಯಿ ಮುಖ ನೋಡಿದ್ದು ನಮ್ಮಣ್ಣನ ಮನೇಲಿ ಮಾತ್ರ,” ಎಂದು ಹೆಂಡತಿ ಅಡುಗೆಮನೆಯಿಂದಲೇ ಚುಚ್ಚುತ್ತಿದ್ದಳು.

ಆ ಅಣ್ಣನೇ ಇವನನ್ನು ಈ ಕೆಲಸಕ್ಕೆ ಹಚ್ಚಿದವನು. ಬಿಯರು ಕುದಿಸುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ, ಹಂಡೆಮೇಸ್ತ್ರಿ ಎಂದೇ ಹೆಸರು. ಸಾಬೂನು ಕಾರ್ಖಾನೆಯ ಹಿಂದುಗಡೆ ತಗಡಿನ ಒಂದು ಶೆಡ್ಡಿನಲ್ಲಿ ಕೊಡೆ ಬಿಯರು ಹುಟ್ಟಿದಾಗ ಅಲ್ಲಿದ್ದವರು ಮೂವರೇ. ದುಡ್ಡು ಹಾಕಿದ ದೊಡ್ಡ ಯಜಮಾನ, ಕುದಿಸುವ ಹಂಡೆಮೇಸ್ತ್ರಿ, ಸೀಸೆ ತೊಳೆಯಲು ಬಂದ ಇವನು. ಕೊಡೆಯ ಕತೆ ಈಗ ಟೀವಿ ನೋಡುವ ಮಕ್ಕಳಿಗೆಲ್ಲ ಬಾಯಿಪಾಠ. ಶೆಡ್ಡು ಸೋರುತ್ತಿತ್ತಂತೆ, ಜೋರು ಮಳೆಯಂತೆ, ಕುದಿಯುವ ಹಂಡೆಗೆ ಒಂದು ಹನಿ ಹೊರಗಿನ ನೀರು ಬೀಳಬಾರದೆಂದು ಯಜಮಾನ ತಾನು ನೆನೆದುಕೊಂಡು ಹಂಡೆಗೆ ಕೊಡೆ ಹಿಡಿದು ನಿಂತನಂತೆ. ಹಿನ್ನೆಲೆಯಲ್ಲಿ ಪಿಟೀಲು ಬೇರೆ. ಸುಳ್ಳು! ಕೊಡೆ ಹಿಡಿದು ನಿಂತವನು ಹಂಡೆಮೇಸ್ತ್ರಿ. ಯಜಮಾನ ಅದೇ ಕೊಡೆಯೊಳಗೆ ತಲೆ ತೂರಿಸಿಕೊಂಡು ತಗಡು ಹೊದಿಸಿದವನ ವಂಶವನ್ನೆಲ್ಲ ಬಯ್ಯುತ್ತಿದ್ದ. ಆದರೂ ದೊಡ್ಡ ಯಜಮಾನನಲ್ಲಿ ಒಂದು ಗುಣವಿತ್ತು. ಕೆಟ್ಟದ್ದನ್ನು ಮಾರುವುದೆಂದರೆ ಅವನಿಗೆ ಆಗುತ್ತಿರಲಿಲ್ಲ.

ಸೀಸೆ ತೊಳೆಯುವವನು ನಾಲಿಗೆಯಣ್ಣನಾದದ್ದು ಆ ಶೆಡ್ಡಿನಲ್ಲೇ. ಒಮ್ಮೆ ಹೊಸ ಬಿಯರನ್ನು ಎಲ್ಲರೂ ಚಪ್ಪರಿಸುತ್ತಿದ್ದಾಗ ಇವನು ಒಂದು ಗುಟುಕು ಕುಡಿದು, “ಥೂ, ಒರೆಸೋ ಬಟ್ಟೆ ವಾಸನೆ,” ಎಂದು ಮುಖ ಸಿಂಡರಿಸಿದ. ಎಲ್ಲರೂ ಅವನ ಮೇಲೆಯೇ ಹರಿಹಾಯ್ದರು. ಹಂಡೆಮೇಸ್ತ್ರಿ ಮಾತ್ರ ಬಿಯರನ್ನು ಪೀಪಾಯಿಗಳಿಗೆ ಬಗ್ಗಿಸಿ, ಬರಿದಾದ ಹಂಡೆಯೊಳಗೆ ಇಳಿದು ನೋಡಿದ. ತಳದಲ್ಲಿ ಅಂಗೈಯಗಲದ ಒಂದು ಕೊಳೆತ ಚಿಂದಿ ಸಿಕ್ಕಿತು. ದೊಡ್ಡ ಯಜಮಾನ ಆ ಬಿಯರನ್ನೆಲ್ಲ ಚರಂಡಿಗೆ ಬಿಡಿಸಿದ. ಆ ಬೀದಿಯ ಬಾತುಕೋಳಿಗಳು ಸಂಜೆಯವರೆಗೆ ಒಂದಕ್ಕೊಂದು ಡಿಕ್ಕಿ ಹೊಡೆದುಕೊಂಡು ಓಡಾಡಿದ್ದನ್ನು ನೋಡಿ ಜನ ಹೊಟ್ಟೆ ಹಿಡಿದು ನಕ್ಕರು. ಮರುದಿನದಿಂದ ಅವನ ಕೈಯಿಂದ ಬ್ರಷ್ಷು ಹೋಗಿ ಲೋಟ ಬಂತು. ವರ್ಷ ಕಳೆಯುವುದರೊಳಗೆ ಹಂಡೆಮೇಸ್ತ್ರಿ ತನ್ನ ತಂಗಿಯನ್ನೂ ಕೊಟ್ಟ.

ರುಚಿ ನೋಡುವ ಕ್ರಮವನ್ನು ದೊಡ್ಡ ಯಜಮಾನನೇ ಹಾಕಿಕೊಟ್ಟಿದ್ದು. ಎದುರಿಗೆ ಎರಡು ಲೋಟ. ಒಂದರಲ್ಲಿ ನಿನ್ನೆಯ ಬಿಯರು, ಇನ್ನೊಂದರಲ್ಲಿ ಇವತ್ತಿನದು. ನಿನ್ನೆಯ ಲೋಟದಿಂದ ಒಂದು ಗುಟುಕು, ಬಿಸಿನೀರು ಮುಕ್ಕಳಿಸು, ಇವತ್ತಿನದರಿಂದ ಒಂದು ಗುಟುಕು. ಉಗಿಯುವಂತಿಲ್ಲ, ನುಂಗಬೇಕು. ಬಿಯರಿನ ಕಹಿ ಗೊತ್ತಾಗುವುದು ಗಂಟಲಿನ ಹತ್ತಿರ. ಆಮೇಲೆ ಒಂದೇ ಮಾತು ಹೇಳಬೇಕು. ‘ಅದೇ’ ಎಂದರೆ ಸೀಸೆಗೆ ತುಂಬಬಹುದು, ‘ಅಲ್ಲ’ ಎಂದರೆ ಚರಂಡಿಗೆ. “ಮೊದಲ ದಿನದ್ದನ್ನೇ ಇಟ್ಕೊಂಡು ಹೋಲಿಸಬಾರದಾ?” ಎಂದು ಹೊಸದರಲ್ಲಿ ಇವನು ಕೇಳಿದ್ದ. “ಇಟ್ಟರೆ ಕೆಡುತ್ತಲ್ಲೋ. ನಿನ್ನೇದು ಸರಿಯಿತ್ತು ತಾನೆ? ಇವತ್ತಿಂದು ಅದರ ಹಾಗೇ ಇದ್ರೆ ಇದೂ ಸರಿ. ಮುಗೀತು!” ಎಂದಿದ್ದ ದೊಡ್ಡ ಯಜಮಾನ. ಮಾತು ನ್ಯಾಯವಾಗಿಯೇ ಇತ್ತು. ಯಾರಿಗೂ ಅದರಲ್ಲಿ ತಪ್ಪು ಕಾಣಿಸಲಿಲ್ಲ.

ಕೊಡೆ ಬಿಯರು ಬೆಳೆಯಿತು ನೋಡಿ, ಹೇಗೆ ಅಂತೀರಿ! ತಳ್ಳುಗಾಡಿಯಲ್ಲಿ ಮನೆಮನೆಗೆ ಹೋಗುತ್ತಿದ್ದದ್ದು ರೈಲ್ವೆ ಕ್ಯಾಂಟೀನಿಗೆ ಹತ್ತಿತು. ಗಡಿಯಲ್ಲಿ ಯುದ್ಧ ನಡೆದಾಗ ಸೈನಿಕರ ಜೊತೆ ಹೋಯಿತು. ಯುದ್ಧ ಮುಗಿಸಿ ಬಂದವರು ತಮ್ಮತಮ್ಮ ಊರಿನ ಅಂಗಡಿಗಳಲ್ಲಿ ಅದನ್ನೇ ಕೇಳತೊಡಗಿದರು. ಶೆಡ್ಡು ಹೋಗಿ ಕಾರ್ಖಾನೆಯಾಯಿತು, ಒಂದು ಕಾರ್ಖಾನೆ ಐದಾಯಿತು. ಚೆಂಡಾಟದ ರಾಷ್ಟ್ರೀಯ ತಂಡದವರ ಎದೆಯ ಮೇಲೆ ಕೊಡೆ ಕೂತಿತು. ಸಾಯಂಕಾಲ ಕುಡಿಯಲು ಹೋಗುವುದಕ್ಕೆ ‘ಕೊಡೆ ಬಿಚ್ಚೋಣ ಬಾ’ ಎನ್ನುವುದು ದೇಶದ ಆಡುಮಾತಾಯಿತು. ಹೊರದೇಶದ ದೊಡ್ಡ ಮನುಷ್ಯರು ಬಂದರೆ ಮಂತ್ರಿಗಳು ಕೊಡೆ ಬಿಯರನ್ನೇ ಎತ್ತಿ ಹಿಡಿದರು. ನಡುವೆ ದೊಡ್ಡ ಯಜಮಾನ ತೀರಿಕೊಂಡ, ಅವನ ಮಗ ಚಿಕ್ಕ ಯಜಮಾನ ಕುರ್ಚಿಗೆ ಬಂದ.

ಚಿಕ್ಕ ಯಜಮಾನ ಗದರುವವನಲ್ಲ, ಕೂಗುವವನಲ್ಲ. ಬೆಣ್ಣೆಯಂಥ ಮಾತು. ಬಾರ್ಲಿಯ ಜೊತೆಗೆ ಅವನು ಒಂದು ಚಿಟಿಕೆ ನುಚ್ಚಕ್ಕಿ ಸೇರಿಸಿದ, ಅಷ್ಟೆ. ನಾಲ್ಕು ದಿನ ಬಿಟ್ಟು ಇನ್ನೊಂದು ಚಿಟಿಕೆ. ಆಮೇಲೆ ನುಚ್ಚಕ್ಕಿಯ ಜಾಗಕ್ಕೆ ಮೆಕ್ಕೆಜೋಳದ ಪಾಕ, ತೊಟ್ಟುತೊಟ್ಟಾಗಿ. ಬಿಯರಿಗೆ ಕಹಿ ಕೊಡುವ ಒಣಗಿಸಿದ ಹೂವಿನ ಮೂಟೆಗಳ ಬದಲು ಕಹಿಯ ಹಸಿರು ರಸ ತುಂಬಿದ ಡಬ್ಬಿಗಳು ಬಂದವು. ತಿಂಗಳುಗಟ್ಟಲೆ ಹುಳಿಯಲು ಬಿಡುತ್ತಿದ್ದದ್ದನ್ನು ದಿನದಿನವಾಗಿ ಕಡಿಮೆ ಮಾಡಿದ. ಕೊನೆಗೆ ಗಟ್ಟಿಯಾಗಿ ಕುದಿಸಿ ಆಮೇಲೆ ನೀರು ಬೆರೆಸುವುದು, ನೊರೆ ನಿಲ್ಲಲು ಒಂದು ಬಿಳಿ ಪುಡಿ ಹಾಕುವುದು ಶುರುವಾಯಿತು. ಪ್ರತಿಯೊಂದೂ ಚಿಟಿಕೆಚಿಟಿಕೆಯಾಗಿ, ಗೊತ್ತೇ ಆಗದಷ್ಟು. ಪ್ರತಿ ಮುಂಜಾನೆ ಎರಡು ಲೋಟ. ಪ್ರತಿ ಮುಂಜಾನೆ ನಾಲಿಗೆಯಣ್ಣ ನುಂಗಿ, ಕಣ್ಣು ಮುಚ್ಚಿ, “ಅದೇ,” ಎಂದ. ಅವನು ಸುಳ್ಳು ಹೇಳಿದ್ದಲ್ಲ. ನಿನ್ನೆಗೂ ಇವತ್ತಿಗೂ ನಿಜವಾಗಿಯೂ ವ್ಯತ್ಯಾಸವಿರಲಿಲ್ಲ.

ಹಾಗಂತ ಅವನಿಗೇನೂ ಗೊತ್ತಿರಲಿಲ್ಲವೆಂದಲ್ಲ. ಲಾರಿಯಿಂದ ಪಾಕದ ಡ್ರಮ್ಮು ಇಳಿಯುವುದನ್ನು ಅವನ ಕಣ್ಣು ಕಂಡಿತ್ತು. ಗೋದಾಮಿನ ಬಾಗಿಲಲ್ಲಿ ಅಂಟಂಟಾಗಿ ಚೆಲ್ಲಿದ ಪಾಕಕ್ಕೆ ನೊಣ ಮುತ್ತಿದ್ದನ್ನು ದಾಟಿಕೊಂಡೇ ಅವನು ಒಳಗೆ ಹೋಗುತ್ತಿದ್ದ. “ನನ್ನ ಕೆಲಸ ಲೋಟದ್ದು. ಗೋದಾಮಿಂದಲ್ಲ,” ಎನ್ನುತ್ತಿದ್ದ. ಮನುಷ್ಯನಿಗೆ ತನ್ನ ಕೆಲಸದ ಗಡಿ ಎಲ್ಲಿ ಮುಗಿಯುತ್ತದೆಂಬುದು ಇಂಥ ಹೊತ್ತಿನಲ್ಲಿ ಎಷ್ಟು ಸ್ಪಷ್ಟವಾಗಿ ಗೊತ್ತಾಗುತ್ತದೆ ನೋಡಿ!

ಸಹಿಸದವನು ಹಂಡೆಮೇಸ್ತ್ರಿ. ಒಂದು ದಿನ ಅವನು ಡಬ್ಬಿಯೊಂದನ್ನು ಎತ್ತಿಕೊಂಡು ಸೀದಾ ಚಿಕ್ಕ ಯಜಮಾನನ ಕೋಣೆಗೆ ನುಗ್ಗಿ ಮೇಜಿನ ಮೇಲೆ ಕುಕ್ಕಿದ. “ಇದು ಬಿಯರಲ್ಲ, ಕಚಡ! ನನ್ನ ಕೈಲಿ ಇದನ್ನ ಕುದಿಸೋಕಾಗಲ್ಲ,” ಎಂದ. ಚಿಕ್ಕ ಯಜಮಾನ ನಕ್ಕ. “ಮೇಸ್ತ್ರಿ, ನೀವು ಹೇಳೋದೂ ಬೇಡ, ನಾನು ಹೇಳೋದೂ ಬೇಡ. ನಾಲಿಗೆ ಹೇಳಲಿ,” ಎಂದು ಎಲ್ಲರನ್ನೂ ರುಚಿಕೋಣೆಗೆ ಕರೆಸಿದ. ಕುದಿಸುವವರು, ತುಂಬುವವರು, ಲೆಕ್ಕದವರು, ಎಲ್ಲ ಸುತ್ತ ನಿಂತರು. ಎರಡು ಲೋಟ ಬಂತು. ನಾಲಿಗೆಯಣ್ಣ ಒಂದು ಗುಟುಕು ಕುಡಿದ, ಮುಕ್ಕಳಿಸಿದ, ಇನ್ನೊಂದು ಗುಟುಕು ಕುಡಿದ.

“ಅದೇ,” ಎಂದ.

“ನಿನ್ನೇದಕ್ಕಲ್ಲಯ್ಯಾ!” ಹಂಡೆಮೇಸ್ತ್ರಿ ಕಿರುಚಿದ. “ಹಳೇದಕ್ಕೆ ಹೋಲಿಸು! ಶೆಡ್ಡಲ್ಲಿ ನಾವು ಮಾಡ್ತಿದ್ದೆವಲ್ಲ, ಅದಕ್ಕೆ ಹೋಲಿಸು!”

“ಅದೆಲ್ಲಿದೆ ಭಾವ? ಲೋಟದಲ್ಲಿದ್ರೆ ಕೊಡಿ, ಹೋಲಿಸ್ತೀನಿ.”

ಸುತ್ತ ನಿಂತವರು ಗೊಳ್ಳೆಂದು ನಕ್ಕರು. ಅಷ್ಟು ಜನರ ಮುಂದೆ ಒಳ್ಳೆಯ ಮಾತೊಂದು ಬಾಯಿಗೆ ಬಂತಲ್ಲ ಎಂದು ನಾಲಿಗೆಯಣ್ಣನಿಗೂ ಒಂದು ಗಳಿಗೆ ಹೆಮ್ಮೆಯಾಯಿತು. ಹಂಡೆಮೇಸ್ತ್ರಿ ಅವನ ಮುಖವನ್ನೇ ದಿಟ್ಟಿಸಿ ನೋಡಿ, ಕ್ಯಾಕರಿಸಿ ನೆಲಕ್ಕೆ ಉಗಿದು, ಏಪ್ರನ್ನು ಬಿಚ್ಚಿ ಅದರ ಮೇಲೆಯೇ ಎಸೆದು ಹೊರಟುಹೋದ. ಮತ್ತೆ ಕಾರ್ಖಾನೆಯ ಕಡೆ ತಲೆ ಹಾಕಲಿಲ್ಲ. ತಂಗಿಯ ಮನೆಯ ಹೊಸಿಲನ್ನೂ ತುಳಿಯಲಿಲ್ಲ. ಅವಳೇ ವರ್ಷಕ್ಕೆ ಒಂದೆರಡು ಸಲ ಹೋಗಿ, ಅಣ್ಣನ ಮನೆಯಲ್ಲಿ ಖಾರ ಉಂಡು, ಕಣ್ಣು ಮೂಗು ಒರೆಸಿಕೊಳ್ಳುತ್ತ ಹಿಂದಿರುಗುತ್ತಿದ್ದಳು. ಖಾರಕ್ಕೋ, ಅಣ್ಣ ಗಂಡ ಒಂದಾಗಲಿಲ್ಲವೆಂಬ ಸಂಕಟಕ್ಕೋ, ಗಂಡ ಒಮ್ಮೆಯೂ ಕೇಳಲಿಲ್ಲ.

ಇದೆಲ್ಲ ಆಗಿ ಎಷ್ಟೋ ಕಾಲವಾಯಿತು. ಕಂಪನಿಗೆ ಐವತ್ತು ತುಂಬುವ ವರ್ಷ ಬಂತು. ಫಲಕಗಳ ಮೇಲೆ ನಾಲಿಗೆಯಣ್ಣನ ನಾಲಿಗೆ ಏರಿದ್ದು ಆಗಲೇ. ಫಲಕ ಏರಿ ಕೆಲವು ತಿಂಗಳಾಗುವಷ್ಟರಲ್ಲಿ ಇವನಿಗೆ ಹೊಟ್ಟೆಹುಣ್ಣು ಒಡೆಯಿತು. ಆಸ್ಪತ್ರೆ, ಆಪರೇಷನ್ನು, ಹಾಲು, ಮೆತ್ತನೆಯ ಅನ್ನ. “ಆರು ತಿಂಗಳು ಒಂದು ಹನಿ ಬಿಯರು ಬಾಯಿಗಿಟ್ಟರೆ ನನ್ನ ಹತ್ರ ಬರಬೇಡಿ, ಸೀದಾ ಸ್ಮಶಾನಕ್ಕೆ ಹೋಗಿ,” ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದರು. ಅವನ ಜಾಗದಲ್ಲಿ ಮಗಳು ಕೂತಳು. ಚಿಕ್ಕಂದಿನಿಂದ ಅಪ್ಪನ ಸಪ್ಪೆಯೂಟ ಉಂಡು ಬೆಳೆದ ನಾಲಿಗೆ, ಅಪ್ಪನೇ ತಿದ್ದಿದ ನಾಲಿಗೆ. ಹುಡುಗಿ ಚುರುಕು. ಅವಳು ಮೊದಲ ಸಲ ‘ಅದೇ’ ಎಂದು ಹೇಳಿ ಬಂದ ದಿನ ಅವನು ಆಸ್ಪತ್ರೆಯ ಮಂಚದ ಮೇಲೆ ಮಲಗಿಕೊಂಡೇ ಆನಂದದಿಂದ ಕಣ್ಣೀರು ಸುರಿಸಿದ್ದ.

ಆರು ತಿಂಗಳಾದ ಮೇಲೆ ಅವನು ಮರಳಿ ಕೆಲಸಕ್ಕೆ ಹೋದ. ಕಾವಲುಗಾರ ಸೆಲ್ಯೂಟು ಹೊಡೆದ. ರುಚಿಕೋಣೆಯಲ್ಲಿ ಚಿಕ್ಕ ಯಜಮಾನ ಖುದ್ದಾಗಿ ಕಾದಿದ್ದ, ಪಕ್ಕದಲ್ಲಿ ಮಗಳು, ಕ್ಯಾಮೆರಾ ಹಿಡಿದ ಇಬ್ಬರು ಜಾಹೀರಾತಿನವರು. ನಾಲಿಗೆಯಣ್ಣ ಬಿಸಿನೀರು ಮುಕ್ಕಳಿಸಿ, ನಿನ್ನೆಯ ಲೋಟ ಎತ್ತಿ, ಬಾಯಿ ತುಂಬ ಒಂದು ಗುಟುಕು ತೆಗೆದುಕೊಂಡ.

ಅಬ್ಬಬ್ಬಾ, ಹೇಸಿಗೆ ಅಂದರೆ ಅದು! ನೆನೆದ ರಟ್ಟು, ಹಳಸಿದ ಜೋಳದ ಗಂಜಿ, ಕೆಮ್ಮಿನ ಔಷಧದ ಸಿಹಿ, ಅದರ ಬೆನ್ನಿಗೆ ತಗಡು ನೆಕ್ಕಿದಂಥ ಒಂದು ಕಹಿ. ಗಂಟಲು ಅದನ್ನು ಒಳಗೆ ಬಿಡಲೇ ಇಲ್ಲ. ಅವನು ತೊಟ್ಟಿಯ ಕಡೆ ಓಡಿ ಕಾರಿದ. ಕುಡಿದದ್ದರ ಜೊತೆಗೆ, ಡಾಕ್ಟರು ಕುಡಿಯಲೇಬೇಕೆಂದಿದ್ದ ಬೆಳಗಿನ ಹಾಲೂ ಬಂತು. ಕ್ಯಾಮೆರಾದವರು ಮುಖ ತಿರುಗಿಸಿಕೊಂಡರು. ಮೂಗಿನಲ್ಲೆಲ್ಲ ನೊರೆ, ಕಣ್ಣಲ್ಲಿ ನೀರು. ಅವನು ತೊಟ್ಟಿ ಹಿಡಿದುಕೊಂಡೇ, “ಯಾವ ಕತ್ತೆ ಇದನ್ನ ತುಂಬಿಸಿದ್ದು? ಎಲ್ಲಾ ಚರಂಡಿಗೆ ಬಿಡಿ!” ಎಂದ.

ಮಗಳು ಗಾಬರಿಯಿಂದ ಅದೇ ಲೋಟದಿಂದ ಒಂದು ಗುಟುಕು ಕುಡಿದಳು. ಮುಕ್ಕಳಿಸಿದಳು, ಇವತ್ತಿನದನ್ನೂ ಕುಡಿದಳು. “ಅಪ್ಪಾ... ಅದೇ ಇದೆ. ಎರಡೂ ಅದೇ.”

“ಸರಿಯಾಗಿ ನೋಡು!”

“ನೋಡಿದೆ ಅಪ್ಪಾ. ಅದೇ.” ಅವಳ ಮಾತಿನಲ್ಲಿ ಒಂದಿಷ್ಟೂ ಅನುಮಾನವಿರಲಿಲ್ಲ.

ಚಿಕ್ಕ ಯಜಮಾನ ಬಂದು ಅವನ ಬೆನ್ನು ಸವರಿದ. “ಔಷಧಿ ಬಾಯನ್ನ ಕೆಡಿಸಿದೆ ಅಣ್ಣಾ. ನಮ್ಮಪ್ಪನಿಗೂ ಕೊನೇಲಿ ಹೀಗೇ ಆಗಿತ್ತು, ನೀರು ಕುಡಿದ್ರೂ ಕಹಿ ಅಂತಿದ್ರು. ಮನೇಲಿ ಇದ್ದು ಸುಧಾರಿಸ್ಕೊಳ್ಳಿ. ಮಗಳಿದ್ದಾಳಲ್ಲ.” ಆ ಕೈ ಬೆನ್ನ ಮೇಲಿದ್ದಷ್ಟು ಹೊತ್ತೂ ನಾಲಿಗೆಯಣ್ಣನಿಗೆ ಮೈಮೇಲೆ ಹಲ್ಲಿ ಬಿದ್ದಂತಾಗುತ್ತಿತ್ತು.

ಮನೆಗೆ ಬಂದವನಿಗೆ ತಲೆಯಲ್ಲಿ ಒಂದೇ ಹುಳ. ನಾಲಿಗೆ ಸತ್ತಿದೆಯಾ? ಸತ್ತಿದ್ದರೆ ತಾನು ಯಾರು? ನಾಲಿಗೆ ತೆಗೆದುಬಿಟ್ಟರೆ ಅವನಲ್ಲಿ ಉಳಿಯುವುದು ಹೊಲಿಗೆ ಹಾಕಿದ ಒಂದು ಹೊಟ್ಟೆ ಮಾತ್ರ. ಕನ್ನಡಿಯ ಮುಂದೆ ನಾಲಿಗೆ ಚಾಚಿ ಚಾಚಿ ನೋಡಿಕೊಂಡ. ಚಮಚದಿಂದ ಕೆರೆದ. ಹೆಂಡತಿ ಅವನ ಕಣ್ಣಿಗೆ ಟವೆಲು ಕಟ್ಟಿ ಉಪ್ಪು, ಸಕ್ಕರೆ, ನಿಂಬೆ, ಆರಿದ ಚಹಾ, ಎರಡನೇ ಸಲ ಕಾಯಿಸಿದ ಚಹಾ ಎಲ್ಲದರ ರುಚಿ ನೋಡಿಸಿದಳು. ಎಲ್ಲವನ್ನೂ ಸರಿಯಾಗಿ ಹೇಳಿದ.

“ನಿಮ್ಮ ಬಾಯಿಗೆ ಏನೂ ಧಾಡಿಯಾಗಿಲ್ಲ,” ಎಂದಳು.

“ಉಪ್ಪು ಹುಳಿ ಹಾಲು ಕುಡಿಯೋ ಮಗುವಿಗೂ ಗೊತ್ತಾಗುತ್ತೆ ಕಣೇ. ಬಿಯರಿನ ನಾಲಿಗೆ ಬೇರೆ.”

“ಹಾಗಾದ್ರೆ ಬಿಯರೇ ಕುಡಿದು ನೋಡಿ.”

“ಯಾವ ಬಿಯರು? ಇರೋದೆಲ್ಲ ಕೊಡೆ. ಕೊಡೆ ಕುಡಿದ್ರೆ ವಾಂತಿ ಬರುತ್ತೆ. ಕೆಟ್ಟಿರೋದು ಅದೋ ನಾನೋ ಅಂತ ಹೇಗೆ ಗೊತ್ತಾಗಬೇಕು?”

ಅವಳು ಟವೆಲು ಮಡಚುತ್ತ ಗೋಡೆಗೆ ಹೇಳುವವಳ ಹಾಗೆ ಹೇಳಿದಳು. “ನಮ್ಮಣ್ಣ ಈಗಲೂ ಹಿತ್ತಲಲ್ಲಿ ಕುದಿಸ್ತಾನೆ. ಶೆಡ್ಡಲ್ಲಿ ಮಾಡ್ತಿದ್ರಲ್ಲ, ಅದೇ ಬಾರ್ಲಿ, ಅದೇ ಹೂವು. ಮಾರೋಕಲ್ಲ, ತನಗೋಸ್ಕರ.”

ನಾಲಿಗೆಯಣ್ಣ ಆಮೇಲೆ ಒಂದು ವಾರ ಚಡಪಡಿಸಿದ. ಆ ಮನೆಯ ಬಾಗಿಲು ತಟ್ಟುವುದಕ್ಕಿಂತ ಸಾಯುವುದು ಮೇಲು ಅನ್ನಿಸುತ್ತಿತ್ತು. ಆದರೆ ಮಗಳು ದಿನಾ ಬೆಳಗ್ಗೆ ಬಿಸಿನೀರು ಮುಕ್ಕಳಿಸಿ ಕೆಲಸಕ್ಕೆ ಹೊರಡುವಾಗ ಅಪ್ಪನನ್ನು ಕನಿಕರದಿಂದ ನೋಡುತ್ತಿದ್ದಳು. ಕಾಯಿಲೆಯ ನಾಯಿಯನ್ನು ನೋಡುವ ನೋಟ ಅದು. ಅವನಿಗೆ ಅದನ್ನು ತಡೆದುಕೊಳ್ಳಲಾಗಲಿಲ್ಲ. “ನನ್ನ ನಾಲಿಗೆ ಸರಿಯಿದೆ ಅಂತ ಒಂದು ಸಲ ಗೊತ್ತಾದ್ರೆ ಸಾಕು, ಆಮೇಲೆ ಆ ಕೋಣೇಲಿ ನಿಂತು ಎಲ್ಲರ ನೀರಿಳಿಸ್ತೀನಿ,” ಎಂದು ಹಲ್ಲು ಕಡಿದು, ಒಂದು ಮಧ್ಯಾಹ್ನ ಚಪ್ಪಲಿ ಮೆಟ್ಟಿ ಹೊರಟ.

ಹಂಡೆಮೇಸ್ತ್ರಿ ಹಿತ್ತಲಲ್ಲಿ ಕುಕ್ಕರಗಾಲಲ್ಲಿ ಕೂತು ತಾಮ್ರದ ಹಂಡೆಯ ಒಳಮೈಯನ್ನು ಹುಣಸೆಹಣ್ಣಿನಿಂದ ಉಜ್ಜುತ್ತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು, ಬೆನ್ನು ಬಾಗಿತ್ತು. ಬಂದವನನ್ನು ಕಂಡು ಅವನ ಕೈ ನಿಂತಿತು, ಮತ್ತೆ ಉಜ್ಜತೊಡಗಿತು.

“ಹೊಟ್ಟೆ ಕೊಯ್ಸಿಕೊಂಡೆಯಂತೆ.”

“ಹೂಂ ಭಾವ.”

“ನಾಲಿಗೇನೂ ಕೊಯ್ದರಾ?”

ಬೇರೆ ಯಾರಾದರೂ ಅಂದಿದ್ದರೆ ನಾಲಿಗೆಯಣ್ಣ ಅಲ್ಲಿಂದಲೇ ತಿರುಗುತ್ತಿದ್ದ. ಇವತ್ತು ನುಂಗಿಕೊಂಡ. ನಿಂತಲ್ಲೇ ನಿಂತು ಎಲ್ಲವನ್ನೂ ಒದರಿದ. ಮೊದಲ ಗುಟುಕು, ವಾಂತಿ, ಮಗಳ ಮಾತು, ಚಿಕ್ಕ ಯಜಮಾನನ ಕೈ. “ಕೆಟ್ಟಿರೋದು ನನ್ನ ಬಾಯೋ ಅದೋ, ಅಷ್ಟು ಗೊತ್ತಾಗಬೇಕು ಭಾವ. ನಿಮ್ಮದರಲ್ಲಿ ಒಂದು ಗುಟುಕು ಕೊಡಿ. ಬೇರೇನೂ ಕೇಳಲ್ಲ.”

ಹಂಡೆಮೇಸ್ತ್ರಿ ಕೈ ತೊಳೆದುಕೊಂಡು ಒಳಗೆ ಹೋದ. ನೆಲದೊಳಗೆ ಹೂತಿಟ್ಟ ಜಾಡಿಯಿಂದ ಒಂದು ಹೂಜಿ ತುಂಬಿಸಿ ತಂದ, ಲೋಟಕ್ಕೆ ಬಗ್ಗಿಸಿದ. ಜೇನಿಗಿಂತ ಸ್ವಲ್ಪ ಕಂದು, ಮೇಲೆ ಎರಡು ಬೆರಳು ನೊರೆ. ಕಲ್ಲಿನ ಮೇಲೆ ಲೋಟ ಇಟ್ಟು, “ಕುಡಿ,” ಎಂದ.

ನಾಲಿಗೆಯಣ್ಣ ಅಭ್ಯಾಸದಂತೆ ನೀರು ಕೇಳಿ ಮುಕ್ಕಳಿಸಿದ. ಒಂದು ಗುಟುಕು ತೆಗೆದುಕೊಂಡು ಕಣ್ಣು ಮುಚ್ಚಿದ.

ಮೊದಲು ಬಾರ್ಲಿ ಬಂತು, ಹುರಿದ ಬಾರ್ಲಿ, ಬೆಚ್ಚಗೆ. ಅದರ ಹಿಂದೆಯೇ ಹೂವಿನ ಕಹಿ, ಗಂಟಲ ಹತ್ತಿರ ಚುರುಕ್ಕೆಂದು ಮುಟ್ಟಿ, ತಾನಾಗಿ ಇಳಿದು, ಬಾಯನ್ನು ತೊಳೆದಿಟ್ಟ ಹಾಗೆ ಬಿಟ್ಟುಹೋಯಿತು. ಏನೂ ಅಂಟಲಿಲ್ಲ, ಏನೂ ನಾರಲಿಲ್ಲ. ಒಂದೊಂದೂ ಬೇರೆಬೇರೆಯಾಗಿ, ಸ್ಪಷ್ಟವಾಗಿ ಗೊತ್ತಾಯಿತು. ನಾಲಿಗೆ ಬದುಕಿದೆ! ಅವನ ಎದೆ ಉಬ್ಬಿತು. ಇನ್ನೊಂದು ಗುಟುಕು ಕುಡಿದ, ಮತ್ತೊಂದು ಕುಡಿದ. ಬಾಯಾರಿದ ದನದ ಹಾಗೆ ಲೋಟ ಬರಿದಾಗುವವರೆಗೆ ಕುಡಿದ.

ಲೋಟ ಕೆಳಗಿಟ್ಟಾಗ ಮಾತ್ರ ಅವನಿಗೆ ತಾನು ಏನು ಕುಡಿದೆನೆಂಬುದು ಪೂರ್ತಿ ಅರ್ಥವಾಯಿತು. ನಾಲಿಗೆ ಸರಿಯಿದೆ. ಸರಿಯಿದ್ದರೆ, ಆ ರಟ್ಟಿನ ನೀರು ರಟ್ಟಿನ ನೀರೇ. ಅದು ಆರು ತಿಂಗಳಲ್ಲಿ ಹಾಗಾದದ್ದಲ್ಲ. ಇಷ್ಟು ವರ್ಷ ದಿನಾ ಮುಂಜಾನೆ ಅದನ್ನು ಬಾಯಿಗೆ ಸುರಿದುಕೊಂಡು, ಕಣ್ಣು ಮುಚ್ಚಿ, ದೊಡ್ಡ ಪಂಡಿತನ ಹಾಗೆ ತಲೆಯಾಡಿಸಿ, ದೇಶಕ್ಕೆಲ್ಲ ಕುಡಿಸಿದವನು ತಾನು. ಅದೇ ನಾಲಿಗೆ, ಇದೇ ನಾಲಿಗೆ. ಎದುರಿಗೆ ಕೂತಿರುವ ಈ ಮನುಷ್ಯ ಅಷ್ಟು ಜನರ ನಡುವೆ ನಿಂತು ಕಿರುಚಿದ್ದು ನಿಜ, ಆಗ ನಗಿಸಿದ ತಾನು ಹೇಸಿಗೆಯ ಮುದ್ದೆ. ಮಗಳು? ಅವಳ ಬಾಯಿಗೆ ಆ ಕೊಳಚೆಯನ್ನೇ ಒಳ್ಳೆಯದರ ಅಳತೆಯೆಂದು ತುಂಬಿಸಿದವನೂ ತಾನೇ. ಅವಳಿಗೆ ಬೇರೆ ರುಚಿಯೇ ಗೊತ್ತಿಲ್ಲ. ಯಾರ ನೀರಿಳಿಸಬೇಕೆಂದು ಚಪ್ಪಲಿ ಮೆಟ್ಟಿ ಬಂದಿದ್ದನೋ, ಆ ಸಾಲಿನ ಮೊದಲ ತಲೆ ತನ್ನದೇ. ಅವನಿಗೆ ಕೊಡೆಯ ಮೇಲೆ, ಚಿಕ್ಕ ಯಜಮಾನನ ಮೇಲೆ ಬಂದಿದ್ದ ವಾಕರಿಕೆಯೆಲ್ಲ ಒಟ್ಟಾಗಿ ತನ್ನ ಮೇಲೆಯೇ ತಿರುಗಿತು. ಒಂದು ಗಳಿಗೆಯ ಹಿಂದೆ ಬದುಕಿರಲಿ ಎಂದು ಬೇಡಿಕೊಂಡಿದ್ದ ನಾಲಿಗೆ ಈಗ ಸತ್ತಿರಬಾರದಿತ್ತೇ ಅನ್ನಿಸಿತು.

ಹಂಡೆಮೇಸ್ತ್ರಿ ಅವನನ್ನೇ ನೋಡುತ್ತಿದ್ದ. ಆ ಮುಖದಲ್ಲಿ ಕೋಪವಿರಲಿಲ್ಲ. ಇಷ್ಟು ವರ್ಷ ಕಾದ ಒಂದು ಮಾತಿಗಾಗಿ ಕಿವಿ ತೆರೆದು ಕೂತಿದ್ದ ಮುದುಕ, ಅಷ್ಟೆ.

“ಹೇಳು. ಕೆಟ್ಟಿರೋದು ಯಾವುದು?”

ನಾಲಿಗೆಯಣ್ಣ ಮೂಗು ಒರೆಸಿಕೊಂಡ. ಮೀಸೆಗೆ ನೊರೆ ಅಂಟಿತ್ತು.

“ಬಾಯಿ ಭಾವ,” ಎಂದ. “ನನ್ನ ಬಾಯೇ ಕೆಟ್ಟುಹೋಗಿದೆ. ಏನೂ ಗೊತ್ತಾಗ್ತಿಲ್ಲ. ನೀರು ಕುಡಿದ ಹಾಗಿದೆ.”

ಹಂಡೆಮೇಸ್ತ್ರಿ ಬರಿದಾದ ಲೋಟವನ್ನು ನೋಡಿದ. ಅವನ ಮೀಸೆಯನ್ನು ನೋಡಿದ. ಆಮೇಲೆ ಮೊಣಕಾಲಿನ ಮೇಲೆ ಕೈಯೂರಿ ಎದ್ದು, ಇನ್ನೂ ಮುಕ್ಕಾಲು ತುಂಬಿದ್ದ ಹೂಜಿಯನ್ನು ಎತ್ತಿಕೊಂಡು ಬಚ್ಚಲ ಕಾಲುವೆಯ ಕಡೆ ನಡೆದ.

“ಪಾಪ. ಹಾಗಾದ್ರೆ ನಿನಗೆ ಇದ್ಯಾಕೆ? ಚೆಲ್ಲಿಬಿಡ್ತೀನಿ,” ಎಂದು ಹೂಜಿಯನ್ನು ಬಗ್ಗಿಸಿದ.

ನಾಲಿಗೆಯಣ್ಣ ಹೊಲಿಗೆಯ ನೋವನ್ನೂ ಮರೆತು ಎದ್ದು ಓಡಿಹೋಗಿ ಎರಡೂ ಕೈಗಳಿಂದ ಹೂಜಿಯ ಬಾಯನ್ನು ಮುಚ್ಚಿದ.